ಕಾರಿನ ನೆತ್ತಿಯ ಮೇಲೆ ದೋಣಿ: ಕಟ್ಟು ಬಿಚ್ಚಿದರೆ ಹೊಣೆ ಯಾರದು?

ಕಡೂರು: ಬರಪೀಡಿತ ತಾಲ್ಲೂಕು ಎಂದೇ ಸರ್ಕಾರಿ ಕಡತಗಳಲ್ಲಿ ವರ್ಷ ವರ್ಷವೂ ನಮೂದಾಗುತ್ತಿದ್ದ ಕಡೂರಿನಲ್ಲಿ ದೋಣಿಯ ಮಾತೆತ್ತಿದರೆ ನಗುವವರೇ ಹೆಚ್ಚಾಗಿದ್ದ ಕಾಲವೊಂದಿತ್ತು. ಕೊಳವೆಬಾವಿ, ಟ್ಯಾಂಕರ್, ಖಾಲಿ ಕೊಡಗಳ ಸಾಲು, ಇವೇ ಈ ಸೀಮೆಯ ಸುದ್ದಿಗಳಾಗಿದ್ದವು. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರು ಬಳಿಯ ವಾಣಿವಿಲಾಸ ಸಾಗರ 1933ರ ನಂತರ, ಅಂದರೆ 89 ವರ್ಷಗಳ ಬಳಿಕ ಕೋಡಿ ಬಿದ್ದಾಗ, ಆ ನೀರಿನ ಒಂದು ಬೇರು ಕಡೂರಿನಲ್ಲಿದೆ ಎಂಬುದು ಅನೇಕರಿಗೆ ನೆನಪಾಯಿತು. ಬಾಬಾಬುಡನ್‌ಗಿರಿ ಶ್ರೇಣಿಯ ಪೂರ್ವದ ಮಗ್ಗುಲಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಅಯ್ಯನಕೆರೆ ಹಾಗೂ ಮದಗದ ಕೆರೆಗಳನ್ನು ತುಂಬಿ, ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಮುಂದೆ ಹರಿಯುತ್ತವೆ.

ನೀರು ಬಂದ ಕಡೆ ಮೀನು ಬರುತ್ತದೆ, ಮೀನು ಬಂದ ಕಡೆ ದೋಣಿ ಬರುತ್ತದೆ. ದೋಣಿಯನ್ನು ರಸ್ತೆಯ ಮೇಲೆ ಹೇಗೆ ಸಾಗಿಸಬೇಕು ಎಂಬ, ಮೇಲ್ನೋಟಕ್ಕೆ ಕ್ಷುಲ್ಲಕವೆನಿಸುವ ಪ್ರಶ್ನೆ ಈ ಹಿನ್ನೆಲೆಯಲ್ಲಿ ಗಂಭೀರವಾಗುತ್ತಿದೆ. ಹೊನ್ನಾವರದಿಂದ ಶಿವಮೊಗ್ಗ, ತರೀಕೆರೆ, ಬೀರೂರು, ಕಡೂರು ಮಾರ್ಗವಾಗಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 69 (ಹಳೆಯ 206) ಚತುಷ್ಪಥವಾಗುತ್ತಿದ್ದಂತೆ ವಾಹನಗಳ ವೇಗವೂ ಹೆಚ್ಚುತ್ತಿದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅಲುಗಾಡದೆ ಕುಳಿತಿದ್ದ ಹೊರೆ 80ರ ವೇಗದಲ್ಲಿಯೂ ಕುಳಿತಿರುತ್ತದೆ ಎಂದು ಭಾವಿಸುವುದು ಅಪಾಯಕಾರಿ.

ಭದ್ರಾ ಮೇಲ್ದಂಡೆ ಯೋಜನೆಯ ಲೆಕ್ಕವನ್ನೂ ಇಲ್ಲಿ ಗಮನಿಸಬೇಕು. ತುಂಗಾದಿಂದ 17.4 ಟಿಎಂಸಿ ಅಡಿ, ಭದ್ರಾದಿಂದ 12.5 ಟಿಎಂಸಿ ಅಡಿ, ಒಟ್ಟು 29.9 ಟಿಎಂಸಿ ಅಡಿ ನೀರನ್ನು ಬಳಸಿ ಬಯಲುಸೀಮೆಯ 367 ಕೆರೆಗಳಿಗೆ ನೀರುಣಿಸುವುದು ಯೋಜನೆಯ ಗುರಿ. ಅದರ ಪಂಪ್‌ಹೌಸ್‌ಗಳು ತರೀಕೆರೆ ತಾಲ್ಲೂಕಿನ ಶಾಂತಿಪುರ ಮತ್ತು ಬೆಟ್ಟದಾವರೆಕೆರೆಯಲ್ಲಿವೆ; ಸುರಂಗ ಅಜ್ಜಂಪುರದ ಬಳಿ ಇದೆ. ಯೋಜನೆಯ ವಿಳಂಬ ಬೇರೆಯದೇ ಕಥೆ. ಆದರೆ ಇದರ ಒಂದು ಭಾಗ ನೆರವೇರಿದರೂ ಈ ಮೂರು ತಾಲ್ಲೂಕುಗಳಲ್ಲಿ ಮತ್ತು ಸುತ್ತಲಿನ ಬಯಲಿನಲ್ಲಿ ಕೆರೆಯಿಂದ ಕೆರೆಗೆ ಸಾಗುವ ದೋಣಿ, ಹರಿಗೋಲುಗಳ ಸಂಖ್ಯೆ ಹೆಚ್ಚುವುದು ಸಹಜ.

ಕೆರೆಯಿಂದ ಕೆರೆಗೆ ಏಕೆ ಸಾಗಬೇಕು ಎಂಬುದಕ್ಕೂ ಕಾರಣವಿದೆ. ರಾಜ್ಯದಲ್ಲಿ 40 ಹೆಕ್ಟೇರ್‌ಗಿಂತ ದೊಡ್ಡ ಕೆರೆಗಳ ಮೀನುಗಾರಿಕೆ ಹಕ್ಕು ಮೀನುಗಾರಿಕೆ ಇಲಾಖೆಯ ಕೈಯಲ್ಲಿದ್ದರೆ, ಅದಕ್ಕಿಂತ ಸಣ್ಣವು ಗ್ರಾಮ ಪಂಚಾಯಿತಿಗಳ ವ್ಯಾಪ್ತಿಗೆ ಬರುತ್ತವೆ. ಸಣ್ಣ ಕೆರೆಗಳನ್ನು ಗುತ್ತಿಗೆ ಹಿಡಿದವರಿಗೆ ಒಂದೇ ಕೆರೆಯಿಂದ ಬದುಕು ಸಾಗದು; ಎರಡು ಮೂರು ಕೆರೆಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಪ್ರತಿ ಕೆರೆಗೊಂದು ದೋಣಿ ಇಡುವ ಶಕ್ತಿ ಎಲ್ಲರಿಗೂ ಇಲ್ಲ. ಮಳೆಗಾಲದಲ್ಲಿ ಮರಿ ಬಿತ್ತನೆ, ಬೇಸಿಗೆಯಲ್ಲಿ ನೀರು ಇಳಿದಾಗ ಹಿಡಿತ. ಹೀಗೆ ವರ್ಷದಲ್ಲಿ ಹಲವು ಬಾರಿ ದೋಣಿ ರಸ್ತೆಗಿಳಿಯುತ್ತದೆ. ಇವರ ಜೊತೆಗೆ ಗಾಳದ ಹವ್ಯಾಸದವರು, ತೋಟದ ಕೃಷಿಹೊಂಡಕ್ಕೆ ಪುಟ್ಟ ದೋಣಿ ಕೊಂಡವರೂ ಸೇರಿದ್ದಾರೆ. ಅಲ್ಯೂಮಿನಿಯಂ ದೋಣಿ ಇನ್ನೂ ಹರಿಗೋಲಿನಷ್ಟು ಸಾಮಾನ್ಯವಲ್ಲ. ಆದರೆ ಹಗುರ, ತುಕ್ಕು ಹಿಡಿಯದು, ಇಬ್ಬರು ಎತ್ತಿ ಕಾರಿನ ಮೇಲಿಡಬಹುದು ಎಂಬ ಕಾರಣಕ್ಕೆ ಅದರತ್ತ ಒಲವು ತೋರುವವರಿದ್ದಾರೆ.

ಸಮಸ್ಯೆ ಆರಂಭವಾಗುವುದೇ ಈ ‘ಎತ್ತಿ ಕಾರಿನ ಮೇಲಿಡಬಹುದು’ ಎಂಬಲ್ಲಿ.

ಹಗುರವೇ ಅಪಾಯ

ಹತ್ತು ಅಡಿ ಉದ್ದದ, ತಳ ಚಪ್ಪಟೆಯಾದ ಸಾಧಾರಣ ಅಲ್ಯೂಮಿನಿಯಂ ದೋಣಿ ಸುಮಾರು 40ರಿಂದ 50 ಕಿಲೋಗ್ರಾಂ ತೂಗುತ್ತದೆ. ಹನ್ನೆರಡು ಅಡಿಯದು 60 ಕಿಲೋ ದಾಟುವುದು ಸಾಮಾನ್ಯ. ಕಾರಿನ ಛಾವಣಿ ತಾಳಬಲ್ಲ ತೂಕ ಎಷ್ಟೆಂಬುದನ್ನು ತಯಾರಕರು ಮಾಲೀಕರ ಕೈಪಿಡಿಯಲ್ಲಿ ಹೇಳಿರುತ್ತಾರೆ. ಬಹುತೇಕ ಸಣ್ಣ ಮತ್ತು ಮಧ್ಯಮ ಕಾರುಗಳಿಗೆ ಇದು 50ರಿಂದ 75 ಕಿಲೋಗ್ರಾಂ ಆಸುಪಾಸಿನಲ್ಲಿರುತ್ತದೆ. ಛಾವಣಿಯ ಮೇಲೆ ಏನನ್ನೂ ಹೇರಬಾರದು ಎಂದು ಸ್ಪಷ್ಟವಾಗಿ ಹೇಳುವ ಮಾದರಿಗಳೂ ಇವೆ. ಈ ಮಿತಿಯಲ್ಲಿ ಕ್ಯಾರಿಯರ್‌ನ ತೂಕವೂ ಸೇರಿರುತ್ತದೆ ಎಂಬುದನ್ನು ಬಹಳಷ್ಟು ಮಂದಿ ಮರೆಯುತ್ತಾರೆ. ಹತ್ತು ಕಿಲೋ ತೂಕದ ಕಬ್ಬಿಣದ ಕ್ಯಾರಿಯರ್ ಕೂರಿಸಿದರೆ ದೋಣಿಯ ಪಾಲಿಗೆ ಉಳಿಯುವುದು ಅಷ್ಟು ಕಡಿಮೆ.

ಅಂಬಾಸಿಡರ್, ಜೀಪು, ಓಮ್ನಿಗಳ ಕಾಲದಲ್ಲಿ ಛಾವಣಿಯ ಅಂಚಿಗೆ ಮಳೆನೀರಿನ ಕಾಲುವೆಯಂಥ ಗಟ್ಟಿ ತಗಡಿನ ಮಡಿಕೆ ಇರುತ್ತಿತ್ತು. ಕ್ಯಾರಿಯರ್‌ನ ಕಾಲುಗಳು ಅದನ್ನು ಕಚ್ಚಿ ಹಿಡಿಯುತ್ತಿದ್ದವು. ಮದುವೆಯ ಮಂಚ, ಬೀರುವಿನಿಂದ ಹಿಡಿದು ಶಬರಿಮಲೆ ಯಾತ್ರಿಗಳ ಮೂಟೆಗಳವರೆಗೆ ಎಲ್ಲವೂ ಅದರ ಮೇಲೆಯೇ ಸಾಗಿದವು. ಅಂಬಾಸಿಡರ್ ತಯಾರಿಕೆ 2014ರಲ್ಲಿ, ಓಮ್ನಿ 2019ರಲ್ಲಿ ನಿಂತಿತು. ಇಂದಿನ ಕಾರುಗಳಲ್ಲಿ ಆ ಮಡಿಕೆ ಇಲ್ಲ. ಅದರ ಬದಲು ಹಲವು ಮಾದರಿಗಳಲ್ಲಿ ಕಾಣುವ ಬೆಳ್ಳಿ ಬಣ್ಣದ ‘ರೂಫ್ ರೈಲ್’ ಕೇವಲ ಅಲಂಕಾರಕ್ಕೆ ಅಂಟಿಸಿದ ಪಟ್ಟಿ. ಅದಕ್ಕೆ ಹಗ್ಗ ಬಿಗಿಯುವುದೆಂದರೆ ಅಂಗಿಯ ಗುಂಡಿಗೆ ಎತ್ತು ಕಟ್ಟಿದಂತೆ. ಭಾರ ಹೊರುವ ರೈಲ್ ಯಾವುದು, ಶೋಕಿಯದು ಯಾವುದು ಎಂಬುದನ್ನು ಕೈಪಿಡಿಯಲ್ಲಿ ನೋಡಿಯೇ ತಿಳಿಯಬೇಕು. ಕೈಯಿಂದ ಅಲ್ಲಾಡಿಸಿ ನೋಡುವುದು ಸಾಲದು.

ತೂಕಕ್ಕಿಂತಲೂ ಮುಖ್ಯವಾದುದು ಗಾಳಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿ ಒಂದು ಚದರ ಮೀಟರ್ ಮೇಲೆ ಹಾಕುವ ಒತ್ತಡ ಸುಮಾರು ಏಳೂವರೆ ಕಿಲೋಗ್ರಾಂ ತೂಕಕ್ಕೆ ಸಮ. 80 ಕಿಲೋಮೀಟರ್‌ನಲ್ಲಿ ಅದು ಸುಮಾರು 30 ಕಿಲೋ, 100 ಕಿಲೋಮೀಟರ್‌ನಲ್ಲಿ 47 ಕಿಲೋ. ಮೂರು ಮೀಟರ್ ಉದ್ದ, 1.2 ಮೀಟರ್ ಅಗಲದ ದೋಣಿಯ ಹರವು ಮೂರೂವರೆ ಚದರ ಮೀಟರ್ ದಾಟುತ್ತದೆ. ಮುಂಭಾಗ ತುಸು ಮೇಲೆದ್ದು ಗಾಳಿ ಅಡಿಗೆ ನುಗ್ಗಿತೆಂದರೆ, ಈ ಒತ್ತಡದ ಅರ್ಧದಷ್ಟು ಮೇಲ್ಮುಖವಾದರೂ ಸಾಕು, 80ರ ವೇಗದಲ್ಲಿ ದೋಣಿಯನ್ನು ಎತ್ತುವ ಬಲ ದೋಣಿಯ ತೂಕವನ್ನೇ ಮೀರುತ್ತದೆ. ಆ ಕ್ಷಣದಲ್ಲಿ ದೋಣಿಯನ್ನು ಹಿಡಿದಿಟ್ಟಿರುವುದು ಅದರ ಭಾರವಲ್ಲ, ಕೇವಲ ಹಗ್ಗ. ಎದುರಿನಿಂದ ಬಸ್ಸೊಂದು ಬಿರುಸಾಗಿ ಹಾದುಹೋದರೆ ಬರುವ ಹೊಡೆತ ಇದಕ್ಕೆ ಹೆಚ್ಚುವರಿ.

ಈ ಸೀಮೆಗೆ ಇನ್ನೊಂದು ವಿಶೇಷವಿದೆ. ಮಲೆನಾಡಿನ ಬೆಟ್ಟಸಾಲು ದಾಟಿ ಬರುವ ಆಷಾಢದ ಗಾಳಿ ಬೀರೂರು, ಅಜ್ಜಂಪುರ, ಹೊಸದುರ್ಗ ಕಡೆಯ ತೆರೆದ ಬಯಲಿನಲ್ಲಿ ತಡೆಯಿಲ್ಲದೆ ಬೀಸುತ್ತದೆ. ಪಶ್ಚಿಮದಿಂದ ಬೀಸುವ ಗಾಳಿಗೆ ದಕ್ಷಿಣೋತ್ತರವಾಗಿ ಸಾಗುವ ವಾಹನ ಅಡ್ಡಲಾಗಿ ಸಿಗುತ್ತದೆ. ತೋಟದ ಸಾಲು ಮುಗಿದು ಬಯಲು ತೆರೆದ ಜಾಗದಲ್ಲಿ ಒಮ್ಮೆಲೇ ಬಡಿಯುವ ಈ ಅಡ್ಡಗಾಳಿ ಖಾಲಿ ಕಾರನ್ನೇ ತುಸು ವಾಲಿಸುವುದುಂಟು. ನೆತ್ತಿಯ ಮೇಲೆ ದೋಣಿ ಇದ್ದರೆ ಕೇಳಬೇಕಿಲ್ಲ.

ಕಟ್ಟುವ ಬಗೆ

ದೋಣಿಯನ್ನು ಬೋರಲಾಗಿ, ಮೂತಿ ಮುಂದಾಗಿ ಇಡಬೇಕು. ಅಂಗಾತ ಇಟ್ಟರೆ ಅದು ಗಾಳಿಯನ್ನೂ ಮಳೆಯನ್ನೂ ತುಂಬಿಕೊಳ್ಳುವ ಬಾಣಲೆಯಾಗುತ್ತದೆ. ಛಾವಣಿಯ ಮೇಲೆ ನೇರವಾಗಿ ಹೊದಿಕೆ ಹಾಸಿ ಅದರ ಮೇಲೆ ದೋಣಿ ಇಡುವ ರೂಢಿ ಸರಿಯಲ್ಲ. ಎರಡು ಗಟ್ಟಿ ಅಡ್ಡಪಟ್ಟಿಗಳಿರಬೇಕು, ಅವುಗಳ ನಡುವೆ ಸಾಧ್ಯವಾದಷ್ಟು ಅಂತರವಿರಬೇಕು. ಅಂತರ ಕಡಿಮೆಯಾದಷ್ಟೂ ದೋಣಿ ತಕ್ಕಡಿಯಂತೆ ತೂಗಾಡುತ್ತದೆ. ಪ್ರತಿ ಅಡ್ಡಪಟ್ಟಿಯ ಬಳಿ ಒಂದರಂತೆ ದೋಣಿಯ ಬೆನ್ನ ಮೇಲಿಂದ ಎರಡು ಪಾಲಿಯೆಸ್ಟರ್ ಬೆಲ್ಟುಗಳು ಕಡ್ಡಾಯ. ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು. ನಿಜವಾದ ರಕ್ಷಣೆ ಇರುವುದು ಮೂತಿ ಮತ್ತು ಹಿಂಬದಿಯ ಕಟ್ಟಿನಲ್ಲಿ. ಮೂತಿಯಿಂದ ಕಾರಿನ ಮುಂಭಾಗದ ಟೋಯಿಂಗ್ ಕೊಂಡಿಗೆ, ಹಿಂಬದಿಯಿಂದ ಹಿಂದಿನ ಕೊಂಡಿಗೆ ಪ್ರತ್ಯೇಕ ಹಗ್ಗಗಳು ಇರಲೇಬೇಕು. ಅಡ್ಡಪಟ್ಟಿಯೇ ಕಿತ್ತು ಬಂದರೂ ದೋಣಿ ಹಾರಿಹೋಗದಂತೆ ತಡೆಯುವುದು ಈ ಎರಡು ಕಟ್ಟುಗಳು ಮಾತ್ರ. ಹಠಾತ್ತನೆ ಬಲವಾಗಿ ಬ್ರೇಕ್ ಹಾಕಿದಾಗ ದೋಣಿ ತನ್ನ ತೂಕದ ಮುಕ್ಕಾಲು ಪಾಲಿನಷ್ಟು ಬಲದಿಂದ ಮುಂದಕ್ಕೆ ಜಾರಲು ನೋಡುತ್ತದೆ. ಅಡ್ಡಲಾಗಿ ಬಿಗಿದ ಬೆಲ್ಟು ಒಂದೇ ಅದನ್ನು ತಡೆಯಲಾರದು.

ಏನಿಂದ ಕಟ್ಟಬೇಕು ಎಂಬುದರಲ್ಲಿಯೂ ನಮ್ಮ ಅಭ್ಯಾಸಗಳು ಪ್ರಶ್ನಾರ್ಹ. ಹಳೆಯ ಟ್ಯೂಬ್ ಸೀಳಿದ ರಬ್ಬರ್ ಪಟ್ಟಿ ಈ ಭಾಗದ ಪ್ರತಿ ಪಂಕ್ಚರ್ ಅಂಗಡಿಯಲ್ಲಿಯೂ ದೊರೆಯುತ್ತದೆ. ಹಾಲಿನ ಕ್ಯಾನು, ತರಕಾರಿ ಚೀಲಕ್ಕೆ ಅದು ಸಾಕು. ಗಾಳಿ ಎತ್ತುವ ಹೊರೆಗೆ ಅದು ಕೂಡದು, ಏಕೆಂದರೆ ಎಳೆದಷ್ಟೂ ಹಿಗ್ಗುವುದೇ ಅದರ ಗುಣ. ನೈಲಾನ್ ಹಗ್ಗ ಗಟ್ಟಿಯಾದರೂ ಅದೂ ಹಿಗ್ಗುತ್ತದೆ, ನೆನೆದರೆ ಇನ್ನಷ್ಟು. ಪಾಲಿಯೆಸ್ಟರ್ ಬೆಲ್ಟು ಅಷ್ಟಾಗಿ ಹಿಗ್ಗದು. ಲಾರಿಗಳಲ್ಲಿ ಬಳಸುವ ರ‍್ಯಾಚೆಟ್ ಬೆಲ್ಟು ಇನ್ನೂ ಬಲವಾದದ್ದು ನಿಜ. ಆದರೆ ಅದರ ಸನ್ನೆಯ ಬಲಕ್ಕೆ ಅಲ್ಯೂಮಿನಿಯಂ ತಗಡು ನೆಗ್ಗುತ್ತದೆ, ಕಾರಿನ ಛಾವಣಿಯೂ ಕುಸಿಯಬಹುದು. ಬಕಲ್ ಇರುವ ಸಾದಾ ಬೆಲ್ಟನ್ನು ಕೈಬಲದಿಂದ ಎಳೆದು ಬಿಗಿಯುವುದು ಈ ದೋಣಿಗೆ ತಕ್ಕದ್ದು. ಬೆಲ್ಟನ್ನು ಒಂದು ಸುತ್ತು ತಿರುಚಿ ಹಾಕಿದರೆ ಗಾಳಿಗೆ ಗುಂಯ್‌ಗುಡುವುದೂ ತಪ್ಪುತ್ತದೆ. ಬೆಲ್ಟು ಇಲ್ಲದಾಗ ಹಗ್ಗವನ್ನೇ ಬಳಸುವುದಾದರೆ, ಕಡೂರು ಅಥವಾ ತರೀಕೆರೆಯ ಮಾರುಕಟ್ಟೆಯಲ್ಲಿ ಲಾರಿ ಕಟ್ಟುವ ಹಮಾಲರು ಕುಣಿಕೆಯೊಳಗೆ ಕುಣಿಕೆ ತೂರಿಸಿ ಎಳೆದು ಬಿಗಿಯುವ ಗಂಟನ್ನು ಕಲಿತುಕೊಳ್ಳುವುದು ಮೇಲು. ಯಾವ ಕೈಪಿಡಿಯೂ ಅದನ್ನು ಅವರಷ್ಟು ಚೆನ್ನಾಗಿ ಕಲಿಸದು.

ಕಟ್ಟಿ ಹೊರಟ ಮೇಲೆ ನಾಲ್ಕೈದು ಕಿಲೋಮೀಟರ್‌ಗೆ ಒಮ್ಮೆ ನಿಲ್ಲಿಸಿ ನೋಡಲೇಬೇಕು. ನಮ್ಮ ಹಳ್ಳಿ ಹಳ್ಳಿಗೂ ಎರಡೆರಡು ರಸ್ತೆ ಉಬ್ಬುಗಳಿವೆ. ಪ್ರತಿ ಉಬ್ಬಿನಲ್ಲಿಯೂ ಹೊರೆ ಒಂದು ಕೂದಲೆಳೆ ಎದ್ದು ಕೂರುತ್ತದೆ, ಬೆಲ್ಟು ಅಷ್ಟೇ ಸಡಿಲಗೊಳ್ಳುತ್ತದೆ. ಹುಟ್ಟು, ಆಸನದ ಹಲಗೆ, ಲಂಗರು ಮುಂತಾದ ಬಿಡಿ ವಸ್ತುಗಳನ್ನು ದೋಣಿಯೊಳಗೆ ಸಿಕ್ಕಿಸದೆ ಕಾರಿನ ಒಳಗಿಡಬೇಕು. ಇನ್ನು ಕೆರೆಯ ದಂಡೆಯಲ್ಲಿ ಇಳಿಸುವಾಗ ತಲೆಯ ಮೇಲೊಮ್ಮೆ ಕಣ್ಣಾಡಿಸುವುದು ಒಳ್ಳೆಯದು. ತೋಟದ ಪಂಪ್‌ಸೆಟ್‌ಗಳಿಗೆ ಎಳೆದ ತಂತಿಗಳು ಎಷ್ಟೋ ಕಡೆ ಜೋತುಬಿದ್ದಿವೆ. ಅಲ್ಯೂಮಿನಿಯಂ ವಿದ್ಯುತ್ ಹರಿಸುವ ಲೋಹ. ಆ ತಂತಿಗಳಲ್ಲಿ ಬಹುತೇಕವು ಅದೇ ಲೋಹದವು.

ಕಾನೂನಿನ ಕಣ್ಣಲ್ಲಿ

ಖಾಸಗಿ ಕಾರಿನ ಛಾವಣಿಯ ಮೇಲೆ ಎಷ್ಟು ತೂಕ ಹೇರಬಹುದು ಎಂದು ಮೋಟಾರು ವಾಹನ ಕಾಯ್ದೆ, 1988 ಎಲ್ಲಿಯೂ ಹೇಳುವುದಿಲ್ಲ. ಅದು ಗಮನಿಸುವುದು ಚಾಚಿಕೊಂಡ ಹೊರೆಯನ್ನು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಮೂಲಕ ಸೇರಿದ 194(1ಎ) ಕಲಮಿನ ಪ್ರಕಾರ, ವಾಹನದ ಮೈಯಿಂದ ಪಕ್ಕಕ್ಕೆ, ಅಥವಾ ಅನುಮತಿಸಿದ ಮಿತಿ ಮೀರಿ ಮುಂದಕ್ಕೆ, ಹಿಂದಕ್ಕೆ, ಎತ್ತರಕ್ಕೆ ಹೊರೆ ಚಾಚಿದ್ದರೆ 20,000 ರೂಪಾಯಿ ದಂಡ. ಹೊರೆ ಇಳಿಸುವ ವೆಚ್ಚವೂ ಚಾಲಕನ ತಲೆಗೆ.

ಈ ಕಲಮನ್ನು ಕೆರೆಯ ದಂಡೆಗೆ ತಂದು ನೋಡಿದರೆ ವಿಚಿತ್ರವೊಂದು ಎದುರಾಗುತ್ತದೆ. ಸಾಧಾರಣ ಕಾರಿನ ಅಗಲ 1.6ರಿಂದ 1.7 ಮೀಟರ್. ಅಲ್ಯೂಮಿನಿಯಂ ದೋಣಿಯ ಅಗಲ 1.2 ಮೀಟರ್, ಉದ್ದ ಮೂರು ಮೀಟರ್. ಅದು ಕಾರಿನ ಚೌಕಟ್ಟಿನೊಳಗೇ ಕೂರುತ್ತದೆ, ಕಾನೂನಿಗೆ ತಕರಾರಿಲ್ಲ. ಆದರೆ ಶತಮಾನಗಳಿಂದ ಈ ನಾಡಿನ ಹೊಳೆ ಕೆರೆಗಳಲ್ಲಿ ತೇಲುತ್ತ ಬಂದ ದುಂಡನೆಯ ಹರಿಗೋಲಿನ ಅಡ್ಡಳತೆ ಸಾಮಾನ್ಯವಾಗಿ ಎರಡು ಮೀಟರ್ ಅಥವಾ ಅದಕ್ಕೂ ಹೆಚ್ಚು. ಯಾವ ಕಾರಿನ ಮೇಲಿಟ್ಟರೂ ಅದು ಎರಡೂ ಪಕ್ಕಕ್ಕೆ ಚಾಚುತ್ತದೆ. ಬೈಕಿನ ಹಿಂದೆ ಕೊಡೆಯಂತೆ ಕಟ್ಟಿಕೊಂಡು ಹೋದರಂತೂ ಹೇಳುವಂತೆಯೇ ಇಲ್ಲ. ಮೀನುಗಾರಿಕೆ ಇಲಾಖೆ ಒಂದೆಡೆ ಹರಿಗೋಲು ಕೊಳ್ಳಲು ಸಹಾಯಧನದ ಯೋಜನೆ ರೂಪಿಸುತ್ತದೆ. ಅದೇ ಹರಿಗೋಲನ್ನು ಮನೆಯಿಂದ ಕೆರೆಗೆ ಒಯ್ಯುವ ದಾರಿಯಲ್ಲಿ ಇನ್ನೊಂದು ಇಲಾಖೆ ಹರಿಗೋಲಿನ ಬೆಲೆಯನ್ನೇ ಮೀರಬಹುದಾದ ದಂಡ ವಿಧಿಸಬಹುದು. ದಂಡ ಬೀಳುವುದು ಅಪರೂಪ ಎಂಬುದು ಸಮಾಧಾನದ ಮಾತಲ್ಲ. ಕಾನೂನು ಪುಸ್ತಕದಲ್ಲಿ ಮಲಗಿದ್ದರೆ ಅದು ಎಚ್ಚರಗೊಳ್ಳುವುದು ಅಪಘಾತವಾದ ದಿನ, ಅದೂ ಬಡವನ ವಿರುದ್ಧ.

ಗೂಡ್ಸ್ ವಾಹನ ಬಾಡಿಗೆಗೆ ಹಿಡಿಯಬಹುದಲ್ಲ ಎಂಬ ಪ್ರಶ್ನೆ ಸಹಜ. ಊರೂರಿನಲ್ಲಿ ಸಿಗುವ ಪುಟ್ಟ ಸರಕು ವಾಹನದ ತೊಟ್ಟಿಯ ಉದ್ದ ಸುಮಾರು ಏಳು ಅಡಿ. ಹತ್ತು ಅಡಿಯ ದೋಣಿ ಅದರಿಂದ ಮೂರು ಅಡಿ ಹಿಂದಕ್ಕೆ ಚಾಚುತ್ತದೆ! ಹಿಂದೆ ಚಾಚಿದ ಕಬ್ಬಿಣದ ಸರಳುಗಳಿಗೆ ಬಡಿದು ಬೈಕ್ ಸವಾರರು ಸತ್ತ ಪ್ರಕರಣಗಳು ದೇಶದೆಲ್ಲೆಡೆ ವರದಿಯಾದ ಬಳಿಕವೇ ಈ ನಿಯಮಗಳು ಬಿಗಿಯಾದದ್ದು ಎಂಬುದನ್ನು ಮರೆಯಲಾಗದು. ಕೆಂಪು ಬಟ್ಟೆ ಕಟ್ಟಿದರೆ ಎಲ್ಲವೂ ಸರಿ ಎಂಬ ನಂಬಿಕೆ ಇನ್ನೂ ಇದೆ. ಕೆಂಪು ಬಟ್ಟೆ ಎಚ್ಚರಿಕೆಯೇ ಹೊರತು ಪರವಾನಗಿ ಅಲ್ಲ, ರಾತ್ರಿಯ ವೇಳೆ ಅದು ಕಾಣುವುದೂ ಇಲ್ಲ.

ಇನ್ನೊಂದು ಗೊಂದಲ ಕ್ಯಾರಿಯರ್‌ನದು. ಕಾಯ್ದೆಯ 52ನೇ ಕಲಮು ವಾಹನದ ರಚನೆಯನ್ನು ಬದಲಿಸುವುದನ್ನು ನಿಷೇಧಿಸುತ್ತದೆ. ತಯಾರಕರ ಮೂಲ ನಮೂನೆಗೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆದರೆ ಅದೇ ಕಲಮಿನ ವಿವರಣೆಯಲ್ಲಿ, ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನಾ ಬದಲಾವಣೆ ಎಂದೂ ಇದೆ. ಬೋಲ್ಟು ಬಿಚ್ಚಿ ತೆಗೆದಿಡಬಹುದಾದ ಎರಡು ಅಡ್ಡಪಟ್ಟಿಗಳು ಈ ವ್ಯಾಖ್ಯೆಗೆ ಬರುವಂತೆ ತೋರುವುದಿಲ್ಲ. ಛಾವಣಿಗೆ ತೂತು ಕೊರೆದು ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಚೌಕಟ್ಟು ಬರಬಹುದು. ನಡುವಿನ ಗೆರೆ ಎಲ್ಲಿದೆ ಎಂಬುದು ತಪಾಸಣೆಗೆ ನಿಂತ ಅಧಿಕಾರಿಯ ವಿವೇಚನೆಗೆ ಬಿಟ್ಟಂತಾಗಿದೆ. ತರೀಕೆರೆಯಲ್ಲಿಯೇ ಸಾರಿಗೆ ಇಲಾಖೆಯ ಕಚೇರಿ ಇದೆ, ಕೆಎ-66 ಅದರದೇ ಸಂಖ್ಯೆ. ಹರಿಗೋಲು ಸಾಗಿಸುವವರಿಗೂ ಕ್ಯಾರಿಯರ್ ಹಾಕಿಸುವವರಿಗೂ ಯಾವುದು ಸರಿ, ಯಾವುದು ತಪ್ಪು ಎಂದು ಒಂದು ಪುಟದ ಕನ್ನಡ ಸೂಚನೆ ಹೊರಡಿಸಲು ಹೊಸ ಕಾನೂನೇನೂ ಬೇಕಿಲ್ಲ.

ಹೊರೆ ಕಳಚಿ ಬಿದ್ದು ಹಿಂದಿನವರಿಗೆ ಪೆಟ್ಟಾದರೆ ಅದೂ ಮೋಟಾರು ವಾಹನದ ಬಳಕೆಯಿಂದಾದ ಅಪಘಾತವೇ. ಗಾಯಾಳು ಅಥವಾ ಮೃತರ ಕುಟುಂಬ ಪರಿಹಾರಕ್ಕಾಗಿ ನ್ಯಾಯಮಂಡಳಿಯ ಮೊರೆ ಹೋಗಬಹುದು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ. ‘ಹಗ್ಗ ಹರಿಯಿತು, ನಾನೇನು ಮಾಡಲಿ’ ಎಂಬ ಉತ್ತರ ಅಲ್ಲಿ ನಡೆಯದು; ಆ ಹಗ್ಗ ಕಟ್ಟಿದವರು ಯಾರು ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ.

ತುರ್ತಿನ ವೇಳೆ

ದೋಣಿ ಸಾಗಣೆ ಮೀನುಗಾರರ ಅಥವಾ ಹವ್ಯಾಸಿಗಳ ಸಮಸ್ಯೆ ಮಾತ್ರವಲ್ಲ. ತುಂಬಿದ ಕೆರೆಗಳ ಇನ್ನೊಂದು ಮುಖ ಮುಳುಗುಸಾವು. ಕೋಡಿ ನೋಡಲು ಬಂದವರು, ಈಜು ಬಾರದ ಹುಡುಗರು, ಹೂಳೆತ್ತಿದ ಗುಂಡಿಯ ಆಳ ಅರಿಯದವರು ಬಲಿಯಾದಾಗ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಸಿಬ್ಬಂದಿ ದೋಣಿಯೊಡನೆ ಧಾವಿಸಬೇಕಾಗುತ್ತದೆ. ಉಸಿರು ನಿಂತ ನಾಲ್ಕರಿಂದ ಆರು ನಿಮಿಷಗಳಲ್ಲಿ ಮೆದುಳಿಗೆ ಶಾಶ್ವತ ಹಾನಿ ಆರಂಭವಾಗುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ದೂರದ ಪಟ್ಟಣದಿಂದ ಎಷ್ಟೇ ವೇಗವಾಗಿ ಬಂದರೂ ಆ ದೋಣಿ ತರುವುದು ಬಹುಪಾಲು ಶವವನ್ನು ಮಾತ್ರ. ದೂರದ ದೋಣಿಗೆ ಕಾಯುವ ಬದಲು ಊರಿನವರೇ ಯಾರದೋ ಕಾರಿನ ಮೇಲೆ ಸಿಕ್ಕ ಹಗ್ಗದಲ್ಲಿ ದೋಣಿ ಕಟ್ಟಿಕೊಂಡು ಹೊರಟರೆ, ಮೇಲೆ ಹೇಳಿದ ಎಲ್ಲ ಅಪಾಯಗಳೂ ಅವಸರದಲ್ಲಿ ಇಮ್ಮಡಿಯಾಗುತ್ತವೆ.

ಆದ್ದರಿಂದ ದೊಡ್ಡ ಕೆರೆಗಳ ಮಟ್ಟಿಗಾದರೂ ದೋಣಿ ಸಾಗಣೆಗಿಂತ ದೋಣಿಯ ನೆಲೆ ಮುಖ್ಯ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ಪ್ರವಾಸಿಗರನ್ನು ಸೆಳೆಯುವ ತಾಣ. ಅಲ್ಲಿ, ಮದಗದ ಕೆರೆಯಲ್ಲಿ ತಲಾ ಒಂದು ದೋಣಿ, ನಾಲ್ಕು ಜೀವರಕ್ಷಕ ಜಾಕೆಟ್, ಎಸೆಯುವ ಹಗ್ಗ ಸದಾ ಇರುವಂತೆ ಮಾಡುವುದು ಭಾರಿ ಖರ್ಚಿನ ಬಾಬತ್ತಲ್ಲ. ಮೀನು ಗುತ್ತಿಗೆಯ ಕರಾರಿನಲ್ಲಿಯೇ ಇದನ್ನು ಸೇರಿಸಲು ಸಾಧ್ಯವಿದೆ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ಸಂಗತಿ ಬೇರೆ. ಅಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ದೋಣಿಗಳಿವೆ. ಹಿನ್ನೀರಿನ ಹೆಚ್ಚಿನ ಭಾಗ ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿದೆ. ಕಾರಿನ ಮೇಲೆ ದೋಣಿ ಕಟ್ಟಿಕೊಂಡು ಅಲ್ಲಿಗೆ ಹೊರಡುವವರು ಹಗ್ಗಕ್ಕಿಂತ ಮೊದಲು ಅರಣ್ಯ ಇಲಾಖೆಯ ಅನುಮತಿ ಪತ್ರವನ್ನು ನೋಡಿಕೊಳ್ಳಬೇಕು.

ಸಣ್ಣ ಕೆರೆಗಳ ಗುತ್ತಿಗೆದಾರರಿಗೆ ಸದ್ಯಕ್ಕೆ ಉಳಿಯುವ ದಾರಿ ಹಳೆಯದೇ. ಮೂವರು ನಾಲ್ವರು ಸೇರಿ ಒಂದು ಟ್ರ್ಯಾಕ್ಟರ್ ಟ್ರೇಲರ್ ಗೊತ್ತು ಮಾಡಿಕೊಂಡು ಹರಿಗೋಲುಗಳನ್ನು ಒಂದರೊಳಗೊಂದು ಬೋರಲು ಹಾಕಿ ಹಗಲಿನಲ್ಲಿ, ಹೆದ್ದಾರಿ ತಪ್ಪಿಸಿ ಒಳದಾರಿಯಲ್ಲಿ ಸಾಗಿಸುವುದು. ಟ್ರೇಲರ್‌ನ ತೊಟ್ಟಿಗೆ ಹತ್ತಡಿಯ ದೋಣಿಯೂ ಹಿಡಿಸುತ್ತದೆ, ಟ್ರ್ಯಾಕ್ಟರಿನ ವೇಗದಲ್ಲಿ ಗಾಳಿಯ ಕಾಟವೂ ಇರದು. ಒಂದೇ ತೊಡಕೆಂದರೆ ಅಡಿಕೆ ಕೊಯ್ಲು, ಈರುಳ್ಳಿ ಸಾಗಣೆಯ ದಿನಗಳಲ್ಲಿ ಟ್ರ್ಯಾಕ್ಟರ್ ಸಿಗುವುದಿಲ್ಲ. ಅಂಥ ದಿನಗಳಲ್ಲಿಯೇ ಬೈಕಿನ ಹಿಂದಿನ ಕೊಡೆ ಮತ್ತೆ ರಸ್ತೆಗೆ ಬರುತ್ತದೆ.